ಎದುರು ವಕೀಲೆ

ಅನಿಮಾ ಮಂಡಲ್ ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮಾತಿನಲ್ಲಿ ಹುಳುಕು ಹುಡುಕುವ ಕಷ್ಟ ನಿಮಗೆ ಬೇಡ. ಸಿಂಧನೂರಿನ ವಕೀಲರ ಸಂಘದವರು ಮೊನ್ನೆ ಆಕೆಗೊಂದು ಸನ್ಮಾನ ಇಟ್ಟುಕೊಂಡರು. ಆಕೆಯನ್ನು ಮೊದಲಿನಿಂದ ಬಲ್ಲವಳು ನಾನೇ ಎಂದು ಪರಿಚಯದ ಎರಡು ಮಾತಿಗೆ ನನ್ನನ್ನೇ ಹಿಡಿದರು. ಹೇಳಿ ಬಂದೆ. ಹಾರ, ಶಾಲು, ಹಣ್ಣಿನ ಬುಟ್ಟಿಯ ನಡುವೆ ನಿಂತು ಏನು ಹೇಳಬಹುದೋ ಅಷ್ಟನ್ನು ಹೇಳಿದೆ. ಅಲ್ಲಿ ನುಂಗಿಕೊಂಡದ್ದು ಇಲ್ಲಿದೆ.

ನನ್ನ ಹೆಸರು ದುರ್ಗಾದೇವಿ. ತವರು ಮಸ್ಕಿ ಹತ್ತಿರದ ಒಂದು ಹಳ್ಳಿ, ಕೊಟ್ಟದ್ದು ಸಿಂಧನೂರಿಗೆ. ಪಂಪಣ್ಣ ವಕೀಲರೆಂದರೆ ಆಗ ಈ ಊರಿನಲ್ಲಿ ದೊಡ್ಡ ಹೆಸರು. ಅವರ ಆಫೀಸಿಗೆ ಜೂನಿಯರ್ ಆಗಿ ಸೇರಿದ ಮೊದಲ ಹೆಂಗಸು ನಾನು ಎಂದು ಊರೆಲ್ಲ ಹೇಳಿಕೊಂಡು ತಿರುಗಬೇಕೆಂದಿದ್ದೆ. ಹೊಸ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿದರೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಇನ್ನೊಬ್ಬಳು ಕೂತಿದ್ದಳು. ತೆಳ್ಳನೆಯ ಹುಡುಗಿ, ಅಗಲ ಅಂಚಿನ ಹತ್ತಿ ಸೀರೆ, ಕಾಲಲ್ಲಿ ಹವಾಯಿ ಚಪ್ಪಲಿ. ಅವಳೇ ಅನಿಮಾ, ನನಗಿಂತ ಮೊದಲೇ ಸೇರಿದ್ದ ಜೂನಿಯರ್. ನನ್ನನ್ನು ನೋಡಿ ನಕ್ಕು, ಸರಿದು ಜಾಗ ಕೊಟ್ಟಳು. ನನ್ನ ಆಫೀಸಿನಲ್ಲಿ ನನಗೇ ಜಾಗ ಕೊಡಲು ಇವಳಾರು ಎಂದು ಅವತ್ತೇ ಉರಿಯಿತು.

ಸಿಂಧನೂರಿನ ಸುತ್ತ ಬಂಗಾಲಿ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನ ಬಿಟ್ಟು ಓಡಿ ಬಂದವರಿಗೆ ಸರ್ಕಾರ ಕಾಲುವೆ ಕೆಳಗೆ ಜಮೀನು ಕೊಟ್ಟು ಕೂರಿಸಿದ ಊರುಗಳು ಅವು. ಅನಿಮಾ ತಾಯಿಯ ಸೊಂಟದ ಮೇಲೆ ಕೂತು ಗಡಿ ದಾಟಿ, ಎಲ್ಲೆಲ್ಲೋ ಡೇರೆಗಳಲ್ಲಿದ್ದು, ಕಡೆಗೆ ಅಂಥದೊಂದು ಕ್ಯಾಂಪಿಗೆ ಬಂದು ಮುಟ್ಟಿದವಳು. ಮನೆಯಲ್ಲಿ ಬಂಗಾಲಿ, ಶಾಲೆಯಲ್ಲಿ ಕನ್ನಡ. ರಾಯಚೂರಿನಲ್ಲಿ ಕಾನೂನು ಓದಿದಳು. ಅವಳ ಮಾತು ಕೇಳಿದರೆ ನಮ್ಮ ಸೀಮೆಯವಳಲ್ಲ ಎಂದು ಯಾರೂ ಹೇಳಲಾರರು. ನನ್ನ ಮಾತಿಗಿಂತ ಅವಳ ಮಾತಿನಲ್ಲೇ ಸಿಂಧನೂರು ಹೆಚ್ಚು ಎಂದು ನನ್ನ ಗಂಡನೇ ಒಮ್ಮೆ ಅಂದರು. ಅವತ್ತು ರಾತ್ರಿ ಅವರಿಗೆ ನಾನು ಬಡಿಸಲಿಲ್ಲ, ತಾವೇ ಹಾಕಿಕೊಂಡು ಉಂಡರು.

ಆಫೀಸಿಗೆ ಸೇರಿದ ಹೊಸತರಲ್ಲಿ, ಇವಳ ಕಥೆ ಮುಗಿಯಿತು ಎಂದು ನಾನು ಹಿಗ್ಗುವಂಥದ್ದೊಂದು ನಡೆಯಿತು. ನಮ್ಮಪ್ಪ ಪಂಪಣ್ಣನವರ ಮನೆಗೆ ಸೋನಾ ಮಸೂರಿ ಅಕ್ಕಿಯ ಚೀಲ ಇಳಿಸಿ ಹೋಗಿದ್ದರು. ಅದನ್ನು ಕೇಳಿ ಅನಿಮಾಳ ಅಪ್ಪ ನಿತಾಯಿಗೂ ಏನಾದರೂ ಕೊಡಬೇಕೆನಿಸಿತು. ಕಾಲುವೆಯಲ್ಲಿ ಸಿಕ್ಕ ದೊಡ್ಡದೊಂದು ಮೀನನ್ನು ಬಾಳೆ ಎಲೆಯಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿಕೊಂಡು, ಆಫೀಸಿಗೆ ಅಂಟಿಕೊಂಡೇ ಇದ್ದ ಪಂಪಣ್ಣನವರ ಮನೆ ಬಾಗಿಲಿಗೇ ತಂದ. ಅವರಲ್ಲಿ ಮದುವೆಗೂ ಮೀನು, ಬೀಗರಿಗೂ ಮೀನು, ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಪಂಪಣ್ಣನವರದೋ ದಿನಾ ಲಿಂಗಪೂಜೆ ನಡೆಯುವ ಮನೆ.

"ಯವ್ವಾ, ಇದೇನು ತಂದಾನ ಈ ಮನಷ್ಯಾ!" ಎಂದು ಅವರ ಹೆಂಡತಿ ಸೆರಗು ಮೂಗಿಗೆ ಹಿಡಿದು ಒಳಗೆ ಓಡಿದರು.

ನಿತಾಯಿ ಏನು ತಪ್ಪಾಯಿತೆಂದು ತಿಳಿಯದೆ ನಗುತ್ತಲೇ ನಿಂತಿದ್ದ. ಅನಿಮಾಳ ಮುಖ ಸಣ್ಣಗಾಯಿತು. ನನಗೆ ಹಬ್ಬ. ಪಂಪಣ್ಣನವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕಟ್ಟಿ ಮ್ಯಾಲ ಇಡಪಾ. ಪ್ರೀತಿಲಿಂದ ತಂದದ್ದು, ಬ್ಯಾಡ ಅನ್ನಾಕ ಬರೂದಿಲ್ಲ. ಲೇ ಇಮಾಮ್‌ಸಾಬ್, ಇದು ನಿನ್ನ ಪಾಲು, ತಗೊಂಡು ಹೋಗು."

ಇಮಾಮ್‌ಸಾಬ್ ಆಫೀಸಿನ ಟೈಪಿಸ್ಟ್. ಅವತ್ತಿನಿಂದ ಅವನು ಅನಿಮಾಳ ಕಾಗದವನ್ನು ಮೊದಲು ಟೈಪ್ ಮಾಡಿ ನನ್ನದನ್ನು ಕೆಳಗಿಡತೊಡಗಿದ. ಕೇಳಿದರೆ, "ಆತು ಮೇಡಂ, ಮಾಡಾಕತ್ತೀನಿ" ಎನ್ನುವನು. ನಮ್ಮ ಅಕ್ಕಿಯನ್ನು ಪಂಪಣ್ಣನವರ ಮನೆಯವರು ಉಂಡು ಮರೆತರು. ಆ ಒಂದು ಮೀನು ವರ್ಷಗಟ್ಟಲೆ ಅನಿಮಾಳ ಕೆಲಸ ಮಾಡಿತು.

ವಳಕಮದಿನ್ನಿಯ ಒಂದು ಬದುವಿನ ಜಗಳದ ಕೇಸು ಬಂದಾಗ, ನಮ್ಮಿಬ್ಬರಲ್ಲಿ ಒಬ್ಬರು ವಾದ ಮಾಡಲಿ ಎಂದು ಪಂಪಣ್ಣನವರು ತೀರ್ಮಾನಿಸಿದರು. ನಾನು ಫೈಲು ಬಾಯಿಪಾಠ ಮಾಡಿದ್ದೆ. ಅವರು ಕೇಳಿದ್ದು ಒಂದೇ ಮಾತು, "ಹೊಲ ನೋಡೀರೇನು?" ಅನಿಮಾ ಭಾನುವಾರ ಬಸ್ಸು ಹತ್ತಿ ಹೋಗಿ, ಬದುವಿನ ಮೇಲೆ ನಡೆದು, ಎರಡೂ ಕಡೆಯವರ ಮನೆಯಲ್ಲಿ ಚಹಾ ಕುಡಿದು ಬಂದಿದ್ದಳು. ಕೇಸು ಅವಳಿಗೆ ಹೋಯಿತು. ಭಾನುವಾರ ಕಂಡವರ ಹೊಲ ತುಳಿಯುವುದು ವಕೀಲರ ಕೆಲಸವೇ ಎಂದು ನಾನು ಬಾರ್ ರೂಮಿನಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಅಂದೆ.

ಆಮೇಲೆ ಸರ್ಕಾರಿ ವಕೀಲರ ಪರೀಕ್ಷೆ. ಪೊಲೀಸರು ಹಾಕಿದ ಕೇಸುಗಳನ್ನು ಸರ್ಕಾರದ ಪರವಾಗಿ ನಡೆಸುವ ಕೆಲಸ, ಸಂಬಳ, ಪಿಂಚಣಿ ಎಲ್ಲ ಇದ್ದದ್ದು. ಇಬ್ಬರೂ ಬರೆದೆವು. ಅವಳದು ಆಯಿತು. ನಾನು ಇನ್ನೊಂದು ಸಲ ಬರೆದೆ, ಆಗಲೂ ಹೋಯಿತು. ಕ್ಯಾಂಪಿನವರಿಗೆ ಕೋಟಾ ಇರುತ್ತದೆ, ನಮ್ಮಂಥವರಿಗೆ ಎಲ್ಲಿ ಸಿಗಬೇಕು ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ಪಂಪಣ್ಣನವರ ಕಿವಿಗೂ ಬಿತ್ತು.

"ಯಾವ ಕೋಟಾನವ್ವಾ ದುರ್ಗಾ?" ಎಂದರು. "ಅವರ ಜಾತಿಗೆ ನಮ್ಮ ರಾಜ್ಯದಾಗ ಯಾವ ಸವಲತ್ತೂ ಇಲ್ಲ. ಆಕಿ ಜನರಲ್‌ನಾಗ ಬರದು ಬಂದಾಳ. ನೀ ಚಲೋ ಓದು, ನಿನಗೂ ಆಗತೈತಿ."

ನನಗೆ ಆಗಲಿಲ್ಲ. ಅವಳಿಗೆ ಕೋಟಾ ಇದ್ದಿದ್ದರೆ ನಾನು ಎಷ್ಟು ನೆಮ್ಮದಿಯಿಂದ ಇರುತ್ತಿದ್ದೆ ಎಂದು ಈಗಲೂ ಅನಿಸುತ್ತದೆ.

ಊರೂರು ವರ್ಗವಾದರೂ ಅವಳ ಕೆಲಸದ ಹೆಚ್ಚಿನ ಭಾಗ ಲಿಂಗಸೂಗೂರಿನಲ್ಲೇ ಕಳೆಯಿತು. ಜಾಮೀನು ಅರ್ಜಿ ಹಿಡಿದು ನಾನು ಅಲ್ಲಿಗೆ ಹೋದಾಗಲೆಲ್ಲ ಎದುರಿಗೆ ಅವಳೇ. ಸಬ್‌ಇನ್‌ಸ್ಪೆಕ್ಟರು ಅವಳಿಗೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ, ನನ್ನನ್ನು ನೋಡಿ ಕಾಲ ಮೇಲಿನ ಕಾಲನ್ನೂ ಇಳಿಸುತ್ತಿರಲಿಲ್ಲ. ಅವಳು ನನ್ನ ಅರ್ಜಿಗೆ ಖಡಾಖಂಡಿತ ತಕರಾರು ಹಾಕುವಳು, ಮಧ್ಯಾಹ್ನ ತನ್ನ ಬುತ್ತಿ ಬಿಚ್ಚಿ, "ಬಾ ದುರ್ಗಾ, ಉಣ್ಣು ಬಾ. ನಿನಗಂತ ಬ್ಯಾರೆ ಡಬ್ಬ್ಯಾಗ ಪಲ್ಯ ತಂದೀನಿ" ಎಂದು ಕರೆಯುವಳು. ಬದನೆಕಾಯಿ ಪಲ್ಯ ಚೆನ್ನಾಗಿಯೇ ಇರುತ್ತಿತ್ತು. ಅದೂ ನನಗೆ ಸಿಟ್ಟೇ.

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗಲೇ ಅವಳು ಸ್ವಂತ ಇಚ್ಛೆಯಿಂದ ಸರ್ಕಾರಿ ಕೆಲಸ ಬಿಟ್ಟಳು. ತಲೆ ಕೆಟ್ಟಿದೆ ಎಂದು ಖುಷಿಪಟ್ಟೆ. ಆ ಖುಷಿ ಒಂದು ವಾರವೂ ಬಾಳಲಿಲ್ಲ. ಮಸ್ಕಿ ಕಡೆಯ ಎರೆ ಹೊಲಗಳನ್ನು ಲೀಸಿಗೆ ಹಿಡಿದು ಬಿಸಿಲಿನಿಂದ ಕರೆಂಟು ಮಾಡಲು ಬಂದ ಒಂದು ದೊಡ್ಡ ಕಂಪನಿ, ಇಲ್ಲಿನ ಕೋರ್ಟುಗಳಲ್ಲಿ ತನ್ನ ಕೇಸು ನಡೆಸಲು ಅವಳನ್ನು ಗೊತ್ತು ಮಾಡಿಕೊಂಡಿತು. ತಿಂಗಳು ತಿಂಗಳು ಫೀಸು, ಓಡಾಡಲು ಬಿಳಿ ಕಾರು, ಅದಕ್ಕೊಬ್ಬ ಡ್ರೈವರ್. ಕೋರ್ಟಿನ ಅಂಗಳದಲ್ಲಿ ನನ್ನ ಸ್ಕೂಟಿ ನಿಲ್ಲುತ್ತಿದ್ದ ಬೇವಿನ ನೆರಳಲ್ಲಿ ಈಗ ಆ ಕಾರು. ನಾನು ಮಧ್ಯಾಹ್ನ ಕಾದ ಸೀಟಿನ ಮೇಲೆ ಕರ್ಚೀಫು ಹಾಕಿ ಕೂರುತ್ತಿದ್ದೆ. ಅವಳ ಕಾರಿನ ಗಾಜು ಮುಚ್ಚಿಕೊಂಡು ತಣ್ಣಗೆ ಹೋಗುತ್ತಿತ್ತು.

ಇಷ್ಟರಲ್ಲಿ ನನ್ನ ತವರಿನ ಕೇಸು ಬಂತು. ನಮ್ಮ ಹಳ್ಳಿಯಿಂದ ಕೆಳಗಿನ ಹೊಲಗಳಿಗೆ ಹೋಗುವ ಬಂಡಿ ದಾರಿಯ ಮೇಲೆ ಕಂಪನಿ ತಂತಿಬೇಲಿ ಹಾಕಿತು. ತಾವು ಲೀಸಿಗೆ ಹಿಡಿದ ಜಮೀನಿನಲ್ಲಿ ದಾರಿಯೇ ಇರಲಿಲ್ಲ ಎಂಬುದು ಅವರ ವಾದ. ಆ ದಾರಿ ಮುಚ್ಚಿದರೆ ಎತ್ತು, ಟ್ರ್ಯಾಕ್ಟರು, ಕುರಿ ಯಾವುದೂ ಹೊಲ ಮುಟ್ಟುವಂತಿಲ್ಲ, ಊರ ಅರ್ಧ ಜನರ ಹೊಲ ಬೀಳು. ನನ್ನ ತಮ್ಮ ಕನಕರಾಜ ಊರ ಹಿರಿಯರನ್ನು ಕಟ್ಟಿಕೊಂಡು ನನ್ನ ಮನೆಗೆ ಬಂದ. ಊರಿನ ಪರವಾಗಿ ನಾನು ದಾವೆ ಹಾಕಿದೆ. ಕಂಪನಿಯ ಪರ ವಕಾಲತ್ತು ಹಾಕಿದವಳು ಅನಿಮಾ.

ಸುಳ್ಳೇಕೆ, ದಾರಿಗಿಂತ ಹೆಚ್ಚಾಗಿ ನನಗೆ ಅನಿಮಾಳನ್ನು ಸೋಲಿಸಬೇಕಿತ್ತು. ತವರಿನವರೆಲ್ಲರ ಮುಂದೆ, ಒಂದೇ ಒಂದು ಸಲ.

ದಾರಿ ಹಿಂದಿನಿಂದಲೂ ಇತ್ತೆಂದು ಹೇಳಲು ಗಟ್ಟಿಯಾದ ಸಾಕ್ಷಿ ಗ್ಯಾನಮ್ಮ. ಹುಡುಗಿಯಾಗಿದ್ದಾಗಿನಿಂದ ಆ ದಾರಿಯಲ್ಲೇ ಕುರಿ ಹೊಡೆದುಕೊಂಡು ಹೋದ ಮುದುಕಿ. ಆಕೆಯ ಆರೋಗ್ಯ, ಊರ ದೇವರ ಜಾತ್ರೆ, ಸಿದ್ಧವಾಗದ ನನ್ನ ಕಡತ ಎಂದು ಏನೇನೋ ಆಗಿ ಸಾಕ್ಷಿ ಮುಂದೆ ಹೋಗುತ್ತಲೇ ಇತ್ತು. ಸಿಂಧನೂರಿನ ಜಡ್ಜ್ ಸಾಹೇಬರು ಕಡೆಗೆ ಬೇಸತ್ತು, ಇದೇ ಕಡೆಯ ಅವಕಾಶ, ಬರುವ ತಾರೀಖಿಗೆ ಸಾಕ್ಷಿ ಬರದಿದ್ದರೆ ದಾವೆ ವಜಾ ಎಂದರು. ಕನಕರಾಜ ಗ್ಯಾನಮ್ಮನ ಮನೆಗೆ ಹೋಗಿ, "ಬೆಸ್ತಾರ ದಿನ ಕೋರ್ಟಿಗೆ ಬರಬೇಕವ್ವಾ, ಮುಂಜಾನೆ ನಾನ ಬಂದು ಕರಕೊಂಡು ಹೋಗ್ತೀನಿ" ಎಂದು ಹೇಳಿ ಬಂದ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಈ ಸಲ ತಪ್ಪಬಾರದೆಂದು ನಾನೇ ಹೋಗಿ ಅವರನ್ನು ಕೂಡಿಕೊಳ್ಳುವುದೆಂದು ಮಾತಾಯಿತು.

ಯಾವ ಕೋರ್ಟು ಎಂದು ಅವನು ಹೇಳಲಿಲ್ಲ, ಆಕೆ ಕೇಳಲಿಲ್ಲ. ಮಸ್ಕಿ ತಾಲ್ಲೂಕಾಗುವ ಮೊದಲು ನಮ್ಮೂರು ಲಿಂಗಸೂಗೂರಿಗೆ ಸೇರಿತ್ತು. ನಮ್ಮ ಕಡೆಯವರಿಗೆ ಕೋರ್ಟ್ ಎಂದರೆ ಲಿಂಗಸೂಗೂರೇ, ಅಜ್ಜನ ಕಾಲದಿಂದಲೂ. ಕಂಪನಿಯ ಜಮೀನು ಸಿಂಧನೂರು ತಾಲ್ಲೂಕಿನ ಗಡಿಯೊಳಗೆ ಬರುವುದರಿಂದ ದಾವೆ ಸಿಂಧನೂರಿನಲ್ಲಿದೆ ಎಂಬುದು ಮುದುಕಿಗೆ ಹೇಗೆ ಗೊತ್ತಾಗಬೇಕು? ಗುರುವಾರ ಮುಂಜಾನೆ ಆಕೆ ಕನಕರಾಜ ಬರುವ ಮೊದಲೇ ಎದ್ದು, ತಲೆ ಬಾಚಿ, ರೊಟ್ಟಿ ಕಟ್ಟಿಕೊಂಡು, ಮೊದಲ ಬಸ್ಸಿಗೆ ಲಿಂಗಸೂಗೂರಿಗೆ ಹೋಗಿಬಿಟ್ಟಿದ್ದಳು. ಆಕೆಯ ಹತ್ತಿರ ಫೋನಿಲ್ಲ.

ಮಸ್ಕಿಯಲ್ಲಿ ಕನಕರಾಜ ಬೈಕಿನಲ್ಲಿ ಒಬ್ಬನೇ ಬಂದ. ಮುಖ ಬಿಳಚಿಕೊಂಡಿತ್ತು. "ಅಕ್ಕಾ, ಆಯಿ ಹೋಗ್ಯಾಳ. ಲಿಂಗಸೂಗೂರು ಬಸ್ಸು ಹತ್ತಿದ್ದನ್ನ ನೋಡ್ಯಾರಂತ."

ಸಿಂಧನೂರು ಒಂದು ದಿಕ್ಕು, ಲಿಂಗಸೂಗೂರು ಇನ್ನೊಂದು ದಿಕ್ಕು. ಸಾಕ್ಷಿ ಇಲ್ಲದೆ ಹೋಗಿ ಏನು ಮಾಡಲಿ? ತಮ್ಮನ ಬೈಕಿನ ಹಿಂದೆ ಕೂತು ಲಿಂಗಸೂಗೂರಿನ ಕಡೆಗೇ ಹೊರಟೆ. ದಾರಿಯಲ್ಲಿ ಗೆಳತಿ ಸುಕನ್ಯಾಗೆ ಫೋನು ಹಚ್ಚಿದೆ. ಅವಳು ಚಿಕ್ಕ ವಯಸ್ಸಿನ ವಕೀಲೆ, ನನ್ನ ಪರವಾಗಿ ಎದ್ದು ನಿಂತು ಸ್ವಲ್ಪ ವೇಳೆ ಕೇಳಲಿ ಎಂದು. ಕೋರ್ಟ್ ಹಾಲಿನಲ್ಲಿದ್ದಳು, ಫೋನು ಬಂದ್. ಇನ್ನಿಬ್ಬರದೂ ಅದೇ ಕಥೆ. ಅನಿಮಾಳ ನಂಬರು ಇತ್ತು. ಮಾಡಲಿಲ್ಲ. ದಾವೆ ಮುಳುಗಿದರೂ ಚಿಂತೆಯಿಲ್ಲ, ಅವಳ ಮುಂದೆ ಕೈಚಾಚಲಾರೆ ಎಂದುಕೊಂಡೆ.

ಗ್ಯಾನಮ್ಮ ಲಿಂಗಸೂಗೂರು ಕೋರ್ಟಿನ ಅಂಗಳದಲ್ಲಿ ಕಾಲು ಚಾಚಿ ಕೂತು ರೊಟ್ಟಿ ತಿನ್ನುತ್ತಿದ್ದಳು. ನನ್ನನ್ನು ನೋಡಿ ಗದರಿದಳು. "ಎಲ್ಲಿದ್ದೀಬೇ ದುರ್ಗಾ? ಬಿಸಲೇರೇದ, ನಾ ಬಂದು ಎಷ್ಟೊತ್ತಾತು! ವಕೀಲ್ರಾದವ್ರು ಇಷ್ಟು ತಡ ಮಾಡಿದ್ರ ಹೆಂಗ?"

ಬಾಡಿಗೆ ಜೀಪು ಹಿಡಿದು ಸಿಂಧನೂರಿನ ಕಡೆ ತಿರುಗಿದೆವು. ಊರು ಹತ್ತಿರ ಬಂದಂತೆ ಭತ್ತದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ನಾನು ಅಳುತ್ತಿದ್ದೆ. ಮುದುಕಿ ನನ್ನ ತೊಡೆ ತಟ್ಟುತ್ತಿದ್ದಳು.

ಸಿಂಧನೂರಿನಲ್ಲಿ ಆಗ ಏನಾಯಿತು ಎಂಬುದನ್ನು ಸುಕನ್ಯಾ ಆಮೇಲೆ ಹೇಳಿದಳು. ನಮ್ಮ ಕೇಸು ಕೂಗಿದರು. ನಾನಿಲ್ಲ. ಸಾಹೇಬರು ಒಮ್ಮೆ ಕತ್ತೆತ್ತಿ ನೋಡಿದರು. "ವಾದಿಯ ಪರ ಯಾರೂ ಇಲ್ಲವೇ? ಹಾಗಾದರೆ ವಜಾ" ಎಂದು ಪೆನ್ನು ಕೈಗೆತ್ತಿಕೊಂಡರು.

ಒಬ್ಬ ವಕೀಲ ಬರದಿದ್ದರೆ ಇನ್ನೊಬ್ಬ ಎದ್ದು ನಿಂತು ವೇಳೆ ಕೇಳುವುದು ನಮ್ಮಂಥ ಸಣ್ಣ ಊರಿನ ಕೋರ್ಟುಗಳಲ್ಲಿ ರೂಢಿ. ಕಡೆಯ ಅವಕಾಶ ಎಂದು ಸಾಹೇಬರು ಹೇಳಿಯಾದ ಮೇಲೆ ಏಳುವ ಧೈರ್ಯ ಅವತ್ತು ಸುಕನ್ಯಾಗೂ ಬರಲಿಲ್ಲವಂತೆ. ಎದುರು ವಕೀಲರು ಎದ್ದು ನಿಲ್ಲುವುದು ಯಾವ ರೂಢಿಯಲ್ಲೂ ಇಲ್ಲ, ಅದರಲ್ಲೂ ತನ್ನ ಕಂಪನಿಯ ಮ್ಯಾನೇಜರು ಹಿಂದಿನ ಬೆಂಚಿನಲ್ಲಿ ಕೂತಿರುವಾಗ. ಅನಿಮಾ ಎದ್ದು ನಿಂತಳು.

"ಸ್ವಾಮಿ, ಅವರು ಸಾಕ್ಷಿ ಕರಕೊಂಡು ದಾರ್ಯಾಗ ಅದಾರ. ಮಧ್ಯಾಹ್ನದ ಮ್ಯಾಲ ಕೂಗಿಸ್ರಿ. ನಮ್ಮ ತಕರಾರಿಲ್ಲ."

"ನಿಮಗೆ ಫೋನ್ ಮಾಡಿದ್ದರೇ?"

"ಇಲ್ರೀ. ಬರ್ತಾರ."

ಸಾಹೇಬರು ಪೆನ್ನು ಕೆಳಗಿಟ್ಟರಂತೆ. ಹಿಂದಿನ ಬೆಂಚಿನ ಮ್ಯಾನೇಜರು ಎದ್ದು ಹೊರಗೆ ಹೋದನಂತೆ.

ಮಧ್ಯಾಹ್ನ ಗ್ಯಾನಮ್ಮ ಕಟಕಟೆ ಹತ್ತಿದಳು. ಅನಿಮಾ ಪಾಟಿ ಸವಾಲಿನಲ್ಲಿ ಒಂದು ಚೂರೂ ಸಡಿಲ ಬಿಡಲಿಲ್ಲ. ಮುದುಕಿಗೆ ಬೆವರಿಳಿಯಿತು, ನನಗೂ. "ಅದು ದಾರಿ ಅಲ್ಲ, ಯಾರದೋ ಹೊಲದ ಬದು. ನೀವು ಕಳ್ಳತನದಿಂದ ಕುರಿ ಹೊಡೆದುಕೊಂಡು ಹೋಗುತ್ತಿದ್ದಿರಿ" ಎಂದು ಮೇಲೆ ಮೇಲೆ ಕೇಳಿದಳು. ಗ್ಯಾನಮ್ಮ ಕಡೆಗೆ ರೇಗಿ, "ಕಳ್ಳತನ ಮಾಡವ್ರು ಹಾಡು ಹೇಳ್ಕೊಂತ ಹೊಕ್ಕಾರೇನವ್ವಾ? ನನ್ನ ಮದಿವಿ ದಿಬ್ಬಣನೂ ಅದ ದಾರ್ಯಾಗ ಬಂದೇತಿ" ಎಂದಳು. ಕೋರ್ಟೆಲ್ಲ ನಕ್ಕಿತು. ಸಾಹೇಬರು ಬರೆದುಕೊಂಡರು.

ವಾರದೊಳಗೆ ಕಂಪನಿ ಅನಿಮಾಳನ್ನು ಬಿಡಿಸಿತು. ಬೇವಿನ ನೆರಳು ಖಾಲಿಯಾಯಿತು. ಅವಳು ಆಟೋದಲ್ಲಿ ಬಂದಿಳಿದದ್ದನ್ನು ನೋಡಿ ಖುಷಿಪಡಬೇಕೆಂದು ನಾನು ಬಾರ್ ರೂಮಿನ ಕಿಟಕಿಯಲ್ಲೇ ನಿಂತಿದ್ದೆ. ಅದೂ ನನಗೆ ದಕ್ಕಲಿಲ್ಲ. ಅವಳು ಒಳಗೆ ಬರುತ್ತಲೇ ದೊಡ್ಡ ದೊಡ್ಡ ವಕೀಲರೆಲ್ಲ ಎದ್ದು ಕುರ್ಚಿ ಎಳೆದು ಕೊಟ್ಟರು. ಕಾರಿದ್ದಾಗ ಇಲ್ಲದ ಮರ್ಯಾದೆ ಕಾರು ಹೋದಮೇಲೆ. ಸನ್ಮಾನದ ಮಾತು ಹುಟ್ಟಿದ್ದೂ ಅವತ್ತೇ. ನನಗೆ ಸಹಾಯ ಮಾಡಿಯೂ ಗೆದ್ದವಳು ಅವಳೇ ಎಂದರೆ ಇನ್ನು ನಾನೇನು ಮಾಡಬೇಕು? ಥ್ಯಾಂಕ್ಸ್ ಎಂದು ಹೇಳಲು ಬಾಯಿ ಬರಲಿಲ್ಲ. ಕಂಪನಿ ಬೇರೆ ವಕೀಲನನ್ನು ತಂದಿತು. ಕೆಲವು ತಿಂಗಳಿಗೆ ತೀರ್ಪು ಬಂತು. ಬೇಲಿ ಕಿತ್ತು ದಾರಿ ಬಿಡಬೇಕು ಎಂದು ಆದೇಶ. ನಾನು ಗೆದ್ದೆ. ಸೋಲಿಸಬೇಕಾದವಳು ಎದುರಿಗೇ ಇರಲಿಲ್ಲ.

ಕನಕರಾಜ ಫೋನು ಮಾಡಿದ. "ಅಕ್ಕಾ, ಸೋಮವಾರ ದಾರಿ ಪೂಜಾ ಇಟ್ಕೊಂಡೀವಿ. ಬರೂಮುಂದ ಅನಿಮಾ ಮೇಡಂನ ಕರಕೊಂಡು ಬಾ. ಕಾಯಿ ಅವರ ಕೈಲಿಂದನ ಒಡಸಬೇಕು ಅಂತ ಊರಾಗ ಮಾತಾಗೇದ."

"ಕೇಸು ನಡಸಿದಾಕಿ ಯಾರೋ?" ಎಂದು ಕೂಗಿದೆ.

"ನೀನ ಅಕ್ಕಾ. ನೀ ಮನಿ ಮಗಳು, ನಿನಗೇನು ಹೇಳೂದು? ಅವರು ಎದುರಿನವ್ರಾಗಿ ನಿಂತ್ರಲ್ಲ."

ಅವಳನ್ನು ಕರೆದುಕೊಂಡು ಹೋಗದೆ ಬೇರೆ ದಾರಿಯಿರಲಿಲ್ಲ. ಮಸ್ಕಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಕಿಟಕಿಯ ಕಡೆ ಅವಳು ನನ್ನನ್ನೇ ಕೂರಿಸಿದಳು. ಎರಡೂ ಕಡೆ ಹಸಿರು ಗದ್ದೆ, ಕಾಲುವೆ ಮುಗಿದಲ್ಲಿಗೆ ಅದೂ ಮುಗಿದು ಕಪ್ಪು ನೆಲ. ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕಡೆಗೂ ಕೇಳಿದೆ.

"ಅವತ್ತು ಯಾಕ ಎದ್ದಿ?"

"ನೀ ಬರ್ತೀ ಅಂತ ಗೊತ್ತಿತ್ತು."

"ಹೆಂಗ ಗೊತ್ತಿತ್ತು?"

"ಮಸ್ಕಿ ಕಡೀ ಮುದಿಕಿ, ಕೋರ್ಟಿಗೆ ಬಾ ಅಂದ್ರ ಎಲ್ಲಿಗೆ ಹೊಕ್ಕಾಳ? ಲಿಂಗಸೂಗೂರಿಗೆ. ಅಲ್ಲೆ ಅಷ್ಟು ವರ್ಷ ಇಂಥವ್ರನ್ನ ನೋಡೀನಿ. ತಾರೀಖು ಇಲ್ಲೆ, ಅವ್ರು ಬಂದು ಕುಂದ್ರೂದು ಅಲ್ಲೆ. ನೀ ಹುಡಿಕ್ಕೊಂತ ಹೋಗಿರ್ತಿ ಅಂತ ತಿಳೀತು."

"ಅದು ಸರಿ. ನಿನ್ನ ಕೆಲಸ ಹೊಕ್ಕತಿ ಅಂತ ತಿಳೀಲಿಲ್ಲೇನು?"

"ತಿಳೀತು," ಎಂದಳು. ಟಿಕೆಟ್ಟು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಸಹಜವಾಗಿ ಅಂದಳು, "ಅಲ್ಲ ದುರ್ಗಾ, ನಾ ಬರಲಿಲ್ಲಂದ್ರ ನೀ ನಿಲ್ತಿದ್ದಿಲ್ಲೇನು? ನೀನೂ ನಿಲ್ತಿದ್ದಿ. ಹಂಗ ನಾನೂ ನಿಂತೆ."

ನಾನು ಕಿಟಕಿಯಿಂದ ಹೊರಗೆ ನೋಡಿದೆ.

ಊರಿನಲ್ಲಿ ದಾರಿಯ ಬಾಯಿಗೆ ಮಾವಿನ ತೋರಣ ಕಟ್ಟಿದ್ದರು. ಕಿತ್ತ ಬೇಲಿಯ ಕಂಬದ ಕುಣಿಗಳು ಇನ್ನೂ ಹಾಗೇ ಇದ್ದವು. ಗ್ಯಾನಮ್ಮ ಮುಂದೆ, ಅವಳ ಹಿಂದೆ ಕುರಿ. ಕನಕರಾಜ ಅರಿಶಿನ ಹಚ್ಚಿದ ಕಾಯಿಯನ್ನು ಅನಿಮಾಳ ಕೈಗೆ ಕೊಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಮ್ಮೆ ದಾರಿಯ ಉದ್ದಕ್ಕೂ ಕಣ್ಣು ಹಾಯಿಸಿ, ನನ್ನ ಮುಂದೆ ಬಂದು ನಿಂತಳು.

"ನಿನ್ನ ತವರಿನ ದಾರಿ. ನೀ ಒಡಿ."

ಜನ ಹೌದು ಹೌದು ಎಂದರು. ನಾನು ಕಾಯಿ ಇಸಿದುಕೊಂಡೆ.

ಅವಳ ನೌಕರಿ, ಅವಳ ಕಾರು, ಇಮಾಮ್‌ಸಾಬನ ಟೈಪು, ಇವೆಲ್ಲದರ ಹೊಟ್ಟೆಕಿಚ್ಚು ನನಗೆ ಹಳೆಯದು. ಅದರ ಜೊತೆ ಬಾಳುವೆ ಮಾಡಿ ರೂಢಿಯಾಗಿದೆ. ಬಸ್ಸಿನಲ್ಲಿ ಹೊತ್ತಿದ ಕಿಚ್ಚು ಮಾತ್ರ ಹೊಸದು, ಇನ್ನೂ ಆರಿಲ್ಲ. ಅವಳ ಜಾಗದಲ್ಲಿ ನಾನಿದ್ದು, ಅವಳ ಕೇಸು ಕೂಗಿದ್ದರೆ, ನಾನು ಏಳುತ್ತಿರಲಿಲ್ಲ. ಸಾಹೇಬರು ಪೆನ್ನೆತ್ತುವುದನ್ನು ನೋಡುತ್ತ ಕೂತಿರುತ್ತಿದ್ದೆ. ಇದು ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ಅವಳಿಗೆ ಗೊತ್ತಿಲ್ಲ.

ಕಾಯಿಯನ್ನು ಕಲ್ಲಿಗೆ ಅಪ್ಪಳಿಸಿದೆ. ಸೊಟ್ಟಗೆ ಒಡೆಯಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಅನಿಮಾ.